ಹಳೆಯ ಕಾರು ಕಲಿಸಿದ ತಾಳ್ಮೆ

ಲಿಂಗೈಕ್ಯರಾದ ತಂದೆಯವರು ನಮಗೆ ಬಿಟ್ಟುಹೋದ ವಸ್ತುಗಳಲ್ಲಿ ಒಂದು ಅಂಬಾಸಿಡರ್ ಕಾರು. ಉತ್ತರಪಾರಾದ ಕಾರ್ಖಾನೆಯಲ್ಲಿ ಅದರ ತಯಾರಿಕೆ 2014ರಲ್ಲಿಯೇ ನಿಂತಿತಾದರೂ, ಹೊಸಪೇಟೆಯ ನಮ್ಮ ಮನೆಯಂಗಳದಲ್ಲಿ ಅದಕ್ಕೆ ಇಂದಿಗೂ ಹಿರಿಯರ ಸ್ಥಾನವಿದೆ. ಅಭಿಮಾನವೊಂದೇ ಇದಕ್ಕೆ ಕಾರಣವಲ್ಲ. ಅದರ ಎತ್ತರದ ಆಸನದಲ್ಲಿ ನಮ್ಮ ವೃದ್ಧ ತಾಯಿಯವರು ಹೆಚ್ಚು ಬಾಗದೆ ಕುಳಿತುಕೊಳ್ಳಬಲ್ಲರು.

ಆದರೆ ಕಳೆದ ವರ್ಷ ಕಂಪ್ಲಿಯ ಬೀಗರ ಮನೆಗೆ ಹೋಗಿಬರುವಷ್ಟರಲ್ಲಿ ಅವರ ಬೆನ್ನು ಹಿಡಿದುಕೊಂಡಿತು. ಒಂದು ಗುಂಡಿ ದಾಟಿದರೆ ಸಾಕು, ಕಾರಿನ ಹಿಂಭಾಗವು ನಾಲ್ಕಾರು ಸಲ ತೊಟ್ಟಿಲಿನಂತೆ ತೂಗಾಡುತ್ತಿತ್ತು. ಅದಿರಿನ ಲಾರಿಗಳು ಓಡಾಡುವ ಸಂಡೂರಿನ ದಾರಿಯಲ್ಲಂತೂ ಹೇಳತೀರದು. "ಇನ್ನ ನನ್ನ ಎಲ್ಲಿಗೂ ಕರಿಬ್ಯಾಡ ತಮ್ಮಾ" ಎಂದುಬಿಟ್ಟರು. ಆ ಮಾತು ನಮ್ಮ ಮನಸ್ಸನ್ನು ಚುಚ್ಚಿತು.

ಸ್ಪ್ರಿಂಗ್ ಸೋತಿರಬೇಕೆಂದು ಬಗೆದು ನಾವು ಹಿಂದಿನ ಪಟ್ಟಿಗಳಿಗೆ ಇನ್ನೊಂದು ಪಟ್ಟಿ ಸೇರಿಸಿದೆವು. ಕಾರು ಎತ್ತರವಾಯಿತು, ಕುಲುಕಾಟ ಮತ್ತಷ್ಟು ಒರಟಾಯಿತು. ಕೊನೆಗೆ ವಯಸ್ಸಾದ ಮೇಸ್ತ್ರಿಯೊಬ್ಬರು ಕಾರಿನ ಹಿಂದಿನ ಮೂಲೆಯನ್ನು ಒತ್ತಿ ಬಿಟ್ಟು ನೋಡಿ, "ಸ್ಪ್ರಿಂಗ್ ಚೆನ್ನಾಗೈತಿ ಸಾರ್, ಅದನ್ನ ಸುಮ್ಮನಿರಿಸೋದು ಸತ್ತೈತಿ" ಎಂದರು. ಇಣುಕಿ ನೋಡಿದರೆ ಎರಡೂ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಒಸರಿ, ಕೆಂಧೂಳು ಮೆತ್ತಿಕೊಂಡಿತ್ತು.

ಹೊಡೆತವನ್ನು ಮೊದಲು ತಾಳಿಕೊಳ್ಳುವುದು ಸ್ಪ್ರಿಂಗ್. ಆದರೆ ತಾಳಿದ್ದನ್ನು ಅದು ಮತ್ತೆ ಮತ್ತೆ ಹಿಂದಕ್ಕೆ ಎಸೆಯುತ್ತದೆ. ಶಾಕ್ ಅಬ್ಸಾರ್ಬರ್‌ನೊಳಗಿನ ಪಿಸ್ಟನ್ ಸಣ್ಣ ರಂಧ್ರಗಳಲ್ಲಿ ಎಣ್ಣೆಯನ್ನು ದೂಡುವಾಗ ಆ ಶಕ್ತಿಯು ಶಾಖವಾಗಿ ಕರಗಿಹೋಗುತ್ತದೆ. ಹದಗೆಟ್ಟ ರಸ್ತೆಯಲ್ಲಿ ಎಣ್ಣೆ ನೊರೆಗಟ್ಟಿದರೆ ಹಿಡಿತ ಸಡಿಲುತ್ತದೆ. ನೈಟ್ರೋಜನ್ ಅನಿಲ ತುಂಬಿದ ಬಗೆಯವು ಆ ನೊರೆಯನ್ನು ತಗ್ಗಿಸುತ್ತವೆ. ಮೇಸ್ತ್ರಿಯವರ ಸಲಹೆಯಂತೆ ಅಂಥವನ್ನೇ ಹಾಕಿಸಿದೆವು. ಒಂದನ್ನೇ ಬದಲಿಸಿದರೆ ಎಡಬಲದ ಸಮತೋಲ ತಪ್ಪುವುದರಿಂದ ಜೋಡಿಯನ್ನೇ, ಸವೆದ ರಬ್ಬರ್ ಬುಷ್‌ಗಳ ಸಹಿತ ಬದಲಿಸಬೇಕು. ಅತಿ ಬಿಗಿಯಾದವು ಬೇಡವೆಂದೂ ಅವರು ಎಚ್ಚರಿಸಿದರು. ನಾವು ಸೇರಿಸಿದ್ದ ಪಟ್ಟಿಯನ್ನೂ ತೆಗೆದುಹಾಕಿದರು.

ಮೊದಲ ಪ್ರಯಾಣ ಹಂಪಿಗೆ. ತಾಯಿಯವರನ್ನು ಒತ್ತಾಯಿಸಿಯೇ ಕೂರಿಸಿಕೊಂಡು ಹೊರಟೆವು. ಗುಂಡಿ ಬಂದಾಗ ಕಾರು ಒಮ್ಮೆ ತಗ್ಗಿ, ಎದ್ದು, ಸುಮ್ಮನಾಗುತ್ತಿತ್ತು. ವಿರೂಪಾಕ್ಷನ ಗೋಪುರ ಕಂಡಿತೆಂದು ಹೇಳಲು ಹಿಂತಿರುಗಿದರೆ ಅವರು ನಿದ್ದೆ ಹೋಗಿದ್ದರು!

ಬಾಳಿನ ದಾರಿಯಲ್ಲಿಯೂ ಗುಂಡಿಗಳನ್ನು ತಪ್ಪಿಸಲಾಗದು. ಗಟ್ಟಿತನವೊಂದಿದ್ದರೆ ಸಾಲದು, ಹೊಡೆತ ಬಿದ್ದ ಮೇಲೆ ಬೇಗನೆ ಶಾಂತವಾಗುವ ಗುಣವೂ ಮನೆಯಲ್ಲಿರಬೇಕು. ಮರಳಿ ಬರುವಾಗ ತಾಯಿಯವರೇ ಕೇಳಿದರು: "ಕಂಪ್ಲಿಗೆ ಮತ್ತ ಯಾವಾಗ ಹೋಗೋಣ ತಮ್ಮಾ?"