ಫೋನ್ ಮಾಡಿದ ಮೇಲೆ ಏನು ಹೇಳುವುದು?

ಆಫೀಸಿನ ತರಬೇತಿಯಲ್ಲಿ ಕಲಿತ ಪ್ರಥಮ ಚಿಕಿತ್ಸೆಯನ್ನು ಪುಣೆಯ ನಮ್ಮ ಸೊಸೈಟಿಯ ಮಕ್ಕಳಿಗೂ ಅಪ್ಪ-ಅಮ್ಮಂದಿರಿಗೂ ಹೇಳಿಕೊಡುತ್ತೇನೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್, ಐಸ್ ಎರಡೂ ಬೇಡ, 20 ನಿಮಿಷ ನಲ್ಲಿ ನೀರು ಬಿಡಿ ಎಂದರೆ ಮಕ್ಕಳು ಒಪ್ಪುತ್ತಾರೆ. ದೊಡ್ಡವರು ‘ನಮ್ಮಜ್ಜಿ ಹಾಗೆ ಮಾಡುತ್ತಿರಲಿಲ್ಲ’ ಎನ್ನುತ್ತಾರೆ.

112ಕ್ಕೆ ಫೋನ್ ಮಾಡುವ ಆಟದಲ್ಲಿ ಆರು ವರ್ಷದ ಕನ್ನಡದ ಹುಡುಗಿ ‘ಅಮ್ಮ ಬಿದ್ದುಬಿಟ್ಟಿದ್ದಾಳೆ’ ಎಂದಳು. ‘ಪತ್ತಾ ಕಾಯ್?’ ಎಂದೆ. ಸುಮ್ಮನಾದಳು.

ಇಲ್ಲಿ ಪಕ್ಕದ ಮನೆಯಲ್ಲಿ ದೊಡ್ಡಮ್ಮ, ಚಿಕ್ಕಪ್ಪ ಇಲ್ಲ. ಅಪ್ಪ ಆಫೀಸಿನಲ್ಲಿದ್ದಾಗ ಅಮ್ಮ ಬಿದ್ದರೆ ಉಳಿಯುವುದು ಆ ಮಗುವೇ. ಲಾಕ್ ಆದ ಮೊಬೈಲಿನಿಂದಲೂ 112ಕ್ಕೆ ಕರೆ ಮಾಡಬಹುದು. ಮಾತು ಮಾತ್ರ ಮಗುವಿನದೇ ಆಗಬೇಕು. ಮನೆಯಲ್ಲಿ ಕನ್ನಡ ಇರಲಿ. ಹೆಸರು, ಸೊಸೈಟಿ, ಫ್ಲ್ಯಾಟ್ ನಂಬರು, ಹತ್ತಿರದ ಗುರುತು, ಇಷ್ಟನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಬಾಯಿಪಾಠ ಮಾಡಿಸಿ.