ಹರಿಗೋಲು ಕಣ್ಣಿಗೆ ಬೀಳಬೇಕು

ಗುಬ್ಬಿ ಎಂದರೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ಕುಣಿಗಲ್ ಎಂದರೆ ಜನಪದ ಹಾಡಿನ ದೊಡ್ಡ ಕೆರೆ. ತುಮಕೂರಿನಿಂದ ಈ ಎರಡು ಊರುಗಳನ್ನೂ ನೋಡಿಬರಲು ಒಂದು ರಜಾ ದಿನ ಸಾಕು. ಕೆರೆಗಳಲ್ಲಿ ನೀರಿರುವ ವರ್ಷ ಬೆಳಗಿನ ಹೊತ್ತು ಏರಿಯ ಮೇಲೆ ನಿಂತು ನೋಡಿರಿ. ದೂರದಲ್ಲೊಂದು ಕಪ್ಪು ಚುಕ್ಕೆ ಕಾಣುತ್ತದೆ. ನೀರುಕಾಗೆಯೋ, ತೇಲುವ ದಿಮ್ಮಿಯೋ ಎಂದುಕೊಳ್ಳುವಷ್ಟರಲ್ಲಿ ಅದು ಮೆಲ್ಲಗೆ ತಿರುಗುತ್ತದೆ. ಅದು ಹರಿಗೋಲು. ಒಳಗೆ ಬಲೆ ಬಿಡುತ್ತಿರುವ ಮನುಷ್ಯ.

ಹರಿಗೋಲಿನ ರಚನೆ ಸರಳ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಹಗುರ, ಅಗ್ಗ, ಆಳವಿಲ್ಲದ ನೀರಿನಲ್ಲೂ ತೇಲುತ್ತದೆ. ಆದರೆ ಬಣ್ಣ ಕಪ್ಪು, ಎತ್ತರ ಕಡಿಮೆ. ಕಪ್ಪು ಪರದೆಯ ಮುಂದೆ ಕಪ್ಪು ಉಡುಪಿನ ನಟ ನಿಂತರೆ ಪ್ರೇಕ್ಷಕರಿಗೆ ಕಾಣುವನೇ? ಮುಸ್ಸಂಜೆಯ ನೀರಿನಲ್ಲಿ ಹರಿಗೋಲಿನ ಗತಿಯೂ ಅದೇ. ಇಂದು ಹವ್ಯಾಸಿಗಳು ಮೀನು ಹಿಡಿಯಲು ಬಳಸುವ ಕಯಾಕ್ ಎಂಬ ಕಿರುದೋಣಿಯೂ ನೀರಿಗೆ ಅಂಟಿಕೊಂಡಂತೆಯೇ ಸಾಗುತ್ತದೆ.

ನಮ್ಮ ಕೆರೆಗಳಲ್ಲಿ ಮೋಟಾರು ದೋಣಿ ಅಪರೂಪ. ಆದರೆ ಕುಣಿಗಲ್ಲಿನ ಮೇಲೆ ಹಾಯುವ ಹೆದ್ದಾರಿಯಲ್ಲೇ ಮುಂದುವರಿದು, ಹಾಸನ ದಾಟಿ, ಶಿರಾಡಿ ಘಾಟಿ ಇಳಿದರೆ ಮಂಗಳೂರು. ಅಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆ ಇದೆ. ಬಂದರಿನ ಟ್ರಾಲರುಗಳು ಕಡಲಿಗೆ ಹೋಗುವುದೂ ಅದೇ ಬಾಗಿಲಿನಿಂದ. ಹುಟ್ಟು ಹಾಕುವ ಸಣ್ಣ ದೋಣಿಗಳಿಗೂ ಅದೇ ನೀರು. ದೊಡ್ಡದೂ ಸಣ್ಣದೂ ಒಂದೇ ದಾರಿಯಲ್ಲಿ ಎದುರಾದಾಗ ಏನಾಗುತ್ತದೆ?

ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡಿ. ಗಂಟೆಗೆ 36 ಕಿ.ಮೀ. ವೇಗದ ಮೋಟಾರು ದೋಣಿ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. 200 ಮೀಟರ್ ದೂರದಲ್ಲಿದ್ದರೆ ನಿಮ್ಮನ್ನು ಮುಟ್ಟಲು 20 ಸೆಕೆಂಡು. ಗಂಟೆಗೆ 3.6 ಕಿ.ಮೀ. ವೇಗದಲ್ಲಿ ಹುಟ್ಟು ಹಾಕುವವನು ಅಷ್ಟರಲ್ಲಿ ಸರಿಯುವುದು 20 ಮೀಟರ್ ಮಾತ್ರ. ದೋಣಿಗೆ ಬಸ್ಸಿನಂತೆ ಬ್ರೇಕಿಲ್ಲ. ವೇಗ ಹೆಚ್ಚಿಸುವಾಗ ಅದರ ಮೂತಿ ಮೇಲೆದ್ದು ಚಾಲಕನಿಗೆ ಮುಂದಿನ ನೀರೇ ಮರೆಯಾಗಬಹುದು. ಅವನ ಎದುರಿಗೆ ಸೂರ್ಯನಿದ್ದರಂತೂ ನೀರೆಲ್ಲ ಕನ್ನಡಿ. ಆದ್ದರಿಂದ ಮೊದಲ ಪಾಠ: ಅವನು ನಮ್ಮನ್ನು ನೋಡಿಲ್ಲ ಎಂದೇ ತಿಳಿಯಬೇಕು. ದೋಣಿಗಳ ಹಾದಿಯಲ್ಲಿ ಬಲೆ ಬಿಡಬಾರದು, ಲಂಗರು ಹಾಕಬಾರದು. ಹಾದಿಯನ್ನು ದಾಟಲೇಬೇಕಾದರೆ ಅಡ್ಡಲಾಗಿ, ಆದಷ್ಟು ಬೇಗ ದಾಟಬೇಕು. ದೋಣಿ ಹೋದ ಮೇಲೆ ಬರುವ ಅಲೆಗೆ ಕಯಾಕಿನ ಪಕ್ಕೆ ಕೊಡದೆ ಮೂತಿ ಕೊಡಬೇಕು. ಹರಿಗೋಲಿಗೆ ಮೂತಿಯೇ ಇಲ್ಲ. ಅದರೊಳಗೆ ಎದ್ದು ನಿಲ್ಲದೆ ನಡುವೆ ಕುಳಿತಿರಬೇಕು.

ಇನ್ನು ಕಾಣಿಸಿಕೊಳ್ಳುವ ವಿಷಯ. ಕತ್ತಲಾಗುತ್ತಿದ್ದಂತೆ ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಹಿಂದೆ ಸರಿದು ದಂಡಕೋಶಗಳು ಕೆಲಸ ವಹಿಸಿಕೊಳ್ಳುತ್ತವೆ. ದಂಡಕೋಶಗಳಿಗೆ ಕೆಂಪು ಬೆಳಕು ಬಹುಮಟ್ಟಿಗೆ ಕಾಣುವುದೇ ಇಲ್ಲ. ಹಗಲಿನಲ್ಲಿ ಕಣ್ಣು ಕುಕ್ಕುವ ಕೆಂಪು ಅಂಗಿ ಮುಸ್ಸಂಜೆಗೆ ಕಪ್ಪಾಗುವುದು ಇದರಿಂದಲೇ. 19ನೆಯ ಶತಮಾನದಲ್ಲಿ ಇದನ್ನು ಗುರುತಿಸಿದ ಜೆಕ್ ವಿಜ್ಞಾನಿ ಪುರ್ಕಿನ್ಯೆ ಹೆಸರಿನಲ್ಲೇ ಈ ಪರಿಣಾಮವನ್ನು ಕರೆಯುತ್ತಾರೆ. ಹಾಗಾದರೆ ಯಾವ ಬಣ್ಣ ಒಳ್ಳೆಯದು? ಹೊಳೆಯುವ ಹಳದಿ-ಹಸಿರು ಅಥವಾ ಕಿತ್ತಳೆಯ ಫ್ಲೋರೆಸೆಂಟ್ ಬಟ್ಟೆ. ಅದು ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಹೊರಬಿಡುತ್ತದೆ. ಉದ್ದನೆಯ ಕೋಲಿಗೆ ಅಂಥ ಬಟ್ಟೆಯ ಬಾವುಟ ಕಟ್ಟಿ ನಿಲ್ಲಿಸಿದರೆ ತಗ್ಗಿನ ದೋಣಿಗೆ ಎತ್ತರವೂ ಬಂದಂತೆ. ಹುಟ್ಟಿನ ತುದಿಗೆ ಬೆಳಕು ಮರಳಿಸುವ ಪಟ್ಟಿ ಅಂಟಿಸಿದರೆ ಇನ್ನೂ ಒಳ್ಳೆಯದು. ಆದರೆ ಪೂರ್ತಿ ಕತ್ತಲಾದ ಮೇಲೆ ಫ್ಲೋರೆಸೆಂಟ್ ಬಟ್ಟೆಯೂ ಮಂಕೇ. ಆಗ ಬೇಕಾದದ್ದು ದೀಪ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ ಹುಟ್ಟು ಹಾಕುವ ದೋಣಿಯಲ್ಲೂ ರಾತ್ರಿ ಬಿಳಿ ಬೆಳಕಿನ ಟಾರ್ಚು ಅಥವಾ ಕಂದೀಲು ಕೈಗೆ ಸಿಗುವಂತಿರಬೇಕು. ಡಿಕ್ಕಿ ತಪ್ಪುವಷ್ಟು ಮುಂಚಿತವಾಗಿ ಅದನ್ನು ತೋರಿಸಬೇಕು.

ಪೋಷಕರಿಗೆ ಒಂದು ಮಾತು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ದೋಣಿ ಮಗುಚುವುದು ಕ್ಷಣದ ಕೆಲಸ. ಆಗ ಜೀವರಕ್ಷಕ ಜಾಕೆಟ್ ಹುಡುಕಿ ಹಾಕಿಕೊಳ್ಳಲು ಸಮಯವಿರದು. ಮಕ್ಕಳು ಪ್ರವಾಸದಲ್ಲಿ ಯಾವ ದೋಣಿ ಏರಿದರೂ ಜಾಕೆಟ್ ಮೈಮೇಲಿರಲಿ, ಅದರ ಪಟ್ಟಿ ಬಿಗಿಯಾಗಿರಲಿ. ಕೊರಳಿಗೊಂದು ಸೀಟಿ ಇದ್ದರೆ ಕೂಗಿ ಸುಸ್ತಾದವರಿಗೂ ಅದು ನೆರವಾಗುತ್ತದೆ. ಈಜು ಬರುತ್ತದೆ ಎಂಬ ಧೈರ್ಯ ಇದಕ್ಕೆ ಬದಲಿಯಲ್ಲ.

ನೀರಿಗಿಳಿಯದೆಯೂ ಈ ಪಾಠ ಕಲಿಯಬಹುದು. ಸಂಜೆ ಶಾಲೆಯ ಮೈದಾನದ ಒಂದು ತುದಿಯಲ್ಲಿ ಕೆಂಪು, ನೀಲಿ, ಕಪ್ಪು ಮತ್ತು ಹೊಳೆಯುವ ಹಳದಿ ಬಟ್ಟೆಗಳನ್ನು ಸಾಲಾಗಿ ಕಟ್ಟಿರಿ. ಇನ್ನೊಂದು ತುದಿಯಲ್ಲಿ ಕುಳಿತು, ಸೂರ್ಯ ಮುಳುಗಿದ ಮೇಲೆ ಯಾವುದು ಎಷ್ಟು ನಿಮಿಷಕ್ಕೆ ಮರೆಯಾಯಿತೆಂದು ಬರೆದುಕೊಳ್ಳಿ. ಮುಂದಿನ ಸಲ ಕೆರೆ ಏರಿಯ ಮೇಲೆ ನಿಂತಾಗ, ಆ ಕಪ್ಪು ಚುಕ್ಕೆಗೆ ಏನು ಬೇಕೆಂದು ನಿಮಗೇ ಹೊಳೆಯುತ್ತದೆ.