ಕಂಬಿಯ ಹಿಂದಿನ ನಗು

ನಮ್ಮಲ್ಲಿ ಜೈಲಿಗೆ ಹೋದವನು ‘ಕಂಬಿ ಎಣಿಸುತ್ತಾನೆ’. ಇಂಗ್ಲೆಂಡಿನ ಆಡುಮಾತಿನಲ್ಲಿ ಅವನು ‘ಗಂಜಿ’ಯ ಪಾಲಾಗುತ್ತಾನೆ. ಆ ಗಂಜಿಯೇ, ಅಂದರೆ ‘ಪಾರಿಡ್ಜ್’, 1974ರಿಂದ 1977ರವರೆಗೆ ಬಿಬಿಸಿಯಲ್ಲಿ ಬಂದ ಹೆಸರಾಂತ ಹಾಸ್ಯ ಧಾರಾವಾಹಿ. ರಾನಿ ಬಾರ್ಕರ್ ಅದರಲ್ಲಿ ಪಳಗಿದ ಕಳ್ಳ ಫ್ಲೆಚರ್. ಅವನ ಕೋಣೆಯ ಜೊತೆಗಾರ, ಮೊದಲ ಸಲ ಜೈಲು ಕಂಡ ಹುಡುಗ ಗಾಡ್‌ಬರ್.

ಜೈಲಿನಲ್ಲಿ ನಗುವಂಥದ್ದೇನಿದೆ? ಬರೆಯಲು ಕುಳಿತ ಡಿಕ್ ಕ್ಲೆಮೆಂಟ್ ಮತ್ತು ಇಯಾನ್ ಲಾ ಫ್ರೆನೇ ಅವರನ್ನೂ ಈ ಪ್ರಶ್ನೆ ಕಾಡಿತ್ತು. ದಾರಿ ತೋರಿದವನು ಒಬ್ಬ ಮಾಜಿ ಕೈದಿ. ಒಳಗಿರುವವನು ದಿನಕ್ಕೊಂದು ಸಣ್ಣ ಗೆಲುವಿನಿಂದ ಬದುಕುತ್ತಾನೆ ಎಂಬುದು ಅವನ ಅನುಭವ. ಅಪರಾಧವನ್ನು ಹೊಗಳದೆ, ಅಪರಾಧಿಯನ್ನು ಹೀಗಳೆಯದೆ ಧಾರಾವಾಹಿ ನಡೆದದ್ದು ಆ ಒಂದು ಎಳೆಯ ಮೇಲೆ. ಒಂದು ಕಂತಿನಲ್ಲಿ ಫ್ಲೆಚರ್‌ನ ಅನಾನಸ್ ಡಬ್ಬಿ ಕಳುವಾಗುತ್ತದೆ. ಕಳ್ಳರ ನಡುವೆ ಕಳ್ಳನೊಬ್ಬನಿದ್ದಾನಲ್ಲ ಎಂದು ಅವನಿಗೆ ಎಲ್ಲಿಲ್ಲದ ಸಿಟ್ಟು!

ವಿದ್ಯಾರ್ಥಿಗಳು ತಿಳಿಯಬೇಕಾದ ಕಂತು 1977ರದು. ಗಾಡ್‌ಬರ್ ಜೈಲಿನಲ್ಲೇ ಇತಿಹಾಸದ ಪರೀಕ್ಷೆಗೆ ಓದುತ್ತಿದ್ದಾನೆ. ಹುಡುಗ ಪಾಸಾಗಲೆಂದು ಫ್ಲೆಚರ್ ಪ್ರಶ್ನೆಪತ್ರಿಕೆ ಕದಿಸುತ್ತಾನೆ. ಕದಿಯಲು ಹೋದವನು ವಾರನ್. ಅಕ್ಷರ ಕಣ್ಣಿಗೆ ಬಿದ್ದರೂ ಓದಲಾಗದ ಡಿಸ್ಲೆಕ್ಸಿಯಾ ಅವನಿಗೆ. ಗೋಡೆಯ ಮೇಲೆ ಬರೆದಿದ್ದ ಕಳ್ಳಗಂಟೆಯ ಎಚ್ಚರಿಕೆ ಓದಲಾಗದೆ ಸಿಕ್ಕಿಬಿದ್ದು ಜೈಲು ಸೇರಿದವನು. ಅಂಥವನು ಹೊತ್ತು ತಂದದ್ದು ಜೀವಶಾಸ್ತ್ರದ ಪತ್ರಿಕೆ! ನಕ್ಕು ಮುಗಿದ ಮೇಲೆ ಮನಸ್ಸು ಚುರುಕ್ಕೆನ್ನುತ್ತದೆ. ಓದು ಬಂದಿದ್ದರೆ ವಾರನ್ ಆ ಗೋಡೆಯೊಳಗೆ ಇರುತ್ತಿದ್ದನೇ?

ಈ ಧಾರಾವಾಹಿಯ ಎರಡನೇ ಸರಣಿ ಅಲ್ಲಿ ಮೂಡಿಬರುತ್ತಿದ್ದ 1975ರಲ್ಲೇ ಅಂದಿನ ವಿಜಾಪುರ ಜಿಲ್ಲೆಯ ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೀವಿ ಬಂತು. ‘ಸೈಟ್’ ಎಂಬ ಆ ಪ್ರಯೋಗ ಒಂದು ವರ್ಷ ನಡೆಯಿತು. ಒಕ್ಕಲುತನ, ಆರೋಗ್ಯ ಅದರ ಮುಖ್ಯ ಪಾಠಗಳು. ಜೈಲಿನ ನಗು ಇತ್ತ ಬರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜನರಿಗೆ ಜೈಲೆಂದರೆ ಇವತ್ತಿಗೂ ವಿಜಯಪುರದ ದರ್ಗಾ ಜೈಲು. ಹೆಸರೆತ್ತಿದರೆ ಮಾತು ನಿಲ್ಲುತ್ತದೆ. ಹೊಲದ ಬದುವಿನ ಜಗಳದಲ್ಲಿ ಅಪ್ಪ ಒಳಗೆ ಹೋದರೆ ಶಾಲೆಯಲ್ಲಿ ಮಗನ ಪಕ್ಕದ ಜಾಗ ಖಾಲಿಯಾಗುತ್ತದೆ. ‘ಅವನ ಸಂಗಡ ಕೂಡಬ್ಯಾಡ’ ಎಂದು ಮನೆಯಲ್ಲಿ ಹೇಳಿ ಕಳಿಸುವವರು ಪಾಲಕರೇ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಪ್ರತಿ ನೂರು ಮಂದಿಯಲ್ಲಿ ಸುಮಾರು 75 ಮಂದಿ ವಿಚಾರಣಾಧೀನರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು. ಶಾಲೆಯ ಬೆಂಚು ಮಾತ್ರ ಅಷ್ಟು ದಿನ ಕಾಯುವುದಿಲ್ಲ, ತೀರ್ಪು ಕೊಟ್ಟೇಬಿಡುತ್ತದೆ. ಇನ್ನು ಮಗನಿಗೆ ಯಾವ ಕಲಮು ಹಚ್ಚಿದರೋ!

ಕನ್ನಡದ ಕೈದಿಗಳು ಪ್ರೇಕ್ಷಕರ ಮುಂದೆ ನಿಂತದ್ದು ಟೀವಿಯಲ್ಲಲ್ಲ, ರಂಗದ ಮೇಲೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಮೈಸೂರು ಜೈಲಿನ ಕೈದಿಗಳಿಂದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ ಆಡಿಸಿದರು. ಅದು ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ನ ಕನ್ನಡ ರೂಪ. ಕೊಲೆ ಮಾಡಿ ಸಿಂಹಾಸನ ಏರಿದವನಿಗೆ ನಿದ್ದೆ ಹತ್ತದ ಕತೆ. ಫ್ಲೆಚರ್‌ನ ಪಾತ್ರಕ್ಕೆ ಬಾರ್ಕರ್ ನಟನಾಗಿದ್ದರೆ ಸಾಕಿತ್ತು. ಶಿಕ್ಷೆ ಅನುಭವಿಸುತ್ತಿರುವವನು ಮಾರನಾಯಕನ ಮಾತು ಆಡುವಾಗ ನಟನೆ ಎಲ್ಲಿ ಮುಗಿಯಿತು, ಬದುಕು ಎಲ್ಲಿ ಶುರುವಾಯಿತು ಎಂದು ನೋಡುವವರಿಗೆ ತಿಳಿಯುವುದು ಕಷ್ಟ. ಜೈಲಿನ ಹೊರಗೆ ಪ್ರದರ್ಶನವಾದಾಗ ಚಪ್ಪಾಳೆ ಮುಗಿದ ಮೇಲೆ ರಾಜರೂ ಸೈನಿಕರೂ ಬಣ್ಣ ಒರೆಸಿಕೊಂಡು, ಪೊಲೀಸರ ಕಾವಲಿನಲ್ಲಿ ತಮ್ಮ ತಮ್ಮ ಕೋಣೆಗಳಿಗೆ ಹೊರಡಬೇಕಿತ್ತು.